ಪಂಪಿನ ಮೋಟರ್ ಒಂದೇ ದಿನದಲ್ಲಿ ಸುಡುವುದಿಲ್ಲ



ಬೇಸಿಗೆಯಲ್ಲಿ ಕಬ್ಬಿಗೆ ನೀರಿನ ಪಾಳಿ ತಪ್ಪಬಾರದು. ಅದೇ ವೇಳೆಗೆ ಬಾವಿಯ ಮೋಟರ್ ಸುಟ್ಟರೆ ಅದನ್ನು ಬಿಚ್ಚಿ, ಪೇಟೆಗೆ ಒಯ್ದು, ಸುತ್ತಿಸಿ ತರುವಷ್ಟರಲ್ಲಿ ಬೆಳೆ ಬಾಡಿರುತ್ತದೆ. ಖರ್ಚು ಒಂದು ಕಡೆ, ಇಳುವರಿಯ ಹಾನಿ ಇನ್ನೊಂದು ಕಡೆ. "ನಿನ್ನೆಯವರೆಗೆ ಚೆನ್ನಾಗಿ ನಡೆದಿತ್ತು, ಇಂದು ಒಮ್ಮೆಲೇ ಸುಟ್ಟಿತು" ಎಂದು ನಾವು ಹೇಳುವುದುಂಟು. ಆದರೆ ಅಂಥ ಎಷ್ಟೋ ಮೋಟರುಗಳು ಒಳಗೊಳಗೇ ಹಾಳಾಗಲು ಆರಂಭಿಸಿ ತಿಂಗಳುಗಳೇ ಆಗಿರುತ್ತವೆ. ಇದು ಹೇಗೆಂದು ತಿಳಿದುಕೊಂಡರೆ ಮೋಟರಿನ ಆಯುಷ್ಯ ಹೆಚ್ಚಿಸುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿಯೇ ಇದೆ.

ಇನ್ಸುಲೇಶನ್ ಎಂದರೇನು?

ಮೋಟರಿನೊಳಗೆ ತಾಮ್ರದ ತಂತಿಯನ್ನು ನೂರಾರು ಸುತ್ತು ಸುತ್ತಿರುತ್ತಾರೆ. ಒಂದು ಸುತ್ತಿನ ವಿದ್ಯುತ್ತು ಪಕ್ಕದ ಸುತ್ತಿಗಾಗಲಿ, ಕಬ್ಬಿಣದ ಮೈಗಾಗಲಿ ಹಾಯಬಾರದೆಂದು ತಂತಿಗೆ ಎನಾಮೆಲ್ ಲೇಪ ಇರುತ್ತದೆ. ಈ ಲೇಪ ಕೂದಲೆಳೆಗಿಂತ ತೆಳುವಾದದ್ದು. ಕಬ್ಬಿಣದ ಗಾಡಿಗಳಲ್ಲಿ ವಿಶೇಷ ಕಾಗದವನ್ನು ಇಟ್ಟು, ಸುತ್ತು ಮುಗಿದ ಮೇಲೆ ವಾರ್ನಿಷ್ ಕುಡಿಸುತ್ತಾರೆ. ಇವೆಲ್ಲ ಸೇರಿ ಇನ್ಸುಲೇಶನ್. ತಾಮ್ರ ಮತ್ತು ಕಬ್ಬಿಣ ಬಹು ವರ್ಷ ಬಾಳುತ್ತವೆ. ಮೊದಲು ಮುಪ್ಪಾಗುವುದು ಈ ಹೊದಿಕೆಯೇ.

ಉಷ್ಣತೆಯೇ ಮೊದಲ ವೈರಿ

ಎನಾಮೆಲ್, ಕಾಗದ, ವಾರ್ನಿಷ್ ಇವುಗಳ ಕಣಗಳು ಉದ್ದನೆಯ ಸರಪಳಿಯಂತೆ ಜೋಡಣೆಯಾಗಿರುತ್ತವೆ. ಉಷ್ಣತೆ ಮತ್ತು ಗಾಳಿಯೊಳಗಿನ ಆಮ್ಲಜನಕದಿಂದ ಈ ಸರಪಳಿ ತುಂಡಾಗುತ್ತ ಹೋಗಿ, ಮೆತ್ತಗಿದ್ದ ಹೊದಿಕೆ ಒಣರವದಿಯಂತೆ ಪೆಡಸಾಗುತ್ತದೆ. ಮೋಟರ್ ಚಾಲೂ ಆಗುವಾಗ ಪೂರ್ಣ ಭಾರದ ಕರೆಂಟಿನ ಐದಾರು ಪಟ್ಟು ಕರೆಂಟು ಹರಿದು ತಂತಿಗಳು ಅದುರುತ್ತವೆ. ಪೆಡಸಾದ ಲೇಪ ಆಗ ಬಿರಿಯುತ್ತದೆ. ಎರಡು ಸುತ್ತುಗಳು ಒಂದಕ್ಕೊಂದು ತಾಗಿದರೆ ಆ ಜಾಗ ವಿಪರೀತ ಕಾಯ್ದು, ಸ್ವಲ್ಪ ಹೊತ್ತಿನಲ್ಲಿಯೇ ಮೋಟರ್ ಸುಡುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಈ ಕೊನೆಯ ಗಳಿಗೆ ಮಾತ್ರ.

ಅಮೇರಿಕದ ಇಂಜಿನಿಯರ್ ಮಾಂಟ್‌ಸಿಂಗರ್ ಇವರು 1930ರಲ್ಲಿ, ಟ್ರಾನ್ಸ್‌ಫಾರ್ಮರಿನ ಉಷ್ಣತೆ 8 ಡಿಗ್ರಿ ಏರಿದಾಗಲೆಲ್ಲ ಇನ್ಸುಲೇಶನ್ನಿನ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂದು ತೋರಿಸಿದರು. ಮೋಟರುಗಳಿಗೆ ಸಾಮಾನ್ಯವಾಗಿ 10 ಡಿಗ್ರಿ ಎಂದು ಹಿಡಿಯುತ್ತಾರೆ. ಮೋಟರಿನ ಪಟ್ಟಿಯ ಮೇಲೆ ಇನ್ಸುಲೇಶನ್ನಿನ ವರ್ಗ ಬರೆದಿರುತ್ತದೆ. 'ಬಿ' ವರ್ಗಕ್ಕೆ 130 ಡಿಗ್ರಿ, 'ಎಫ್' ವರ್ಗಕ್ಕೆ 155 ಡಿಗ್ರಿ ಮಿತಿ. 'ಬಿ' ವರ್ಗದ ವೈಂಡಿಂಗ್ 130 ಡಿಗ್ರಿಯಲ್ಲಿ 20,000 ತಾಸು ಬಾಳುತ್ತದೆಂದು ಹಿಡಿದರೆ, 140ರಲ್ಲಿ 10,000, 150ರಲ್ಲಿ 5,000, 160ರಲ್ಲಿ ಕೇವಲ 2,500 ತಾಸು. ದಿನಕ್ಕೆ 8 ತಾಸಿನಂತೆ ಓಡಿಸಿದರೆ ಸುಮಾರು ಏಳು ವರ್ಷದ ಆಯುಷ್ಯ ಒಂದು ವರ್ಷದೊಳಗೇ ಮುಗಿಯಿತು!

ಹೆಚ್ಚಿನ ಕಾವು ಎಲ್ಲಿಂದ ಬರುತ್ತದೆ?

ಕರೆಂಟು ಎರಡು ಪಟ್ಟಾದರೆ ತಂತಿಯ ಕಾವು ನಾಲ್ಕು ಪಟ್ಟಾಗುತ್ತದೆ. ಇದನ್ನು ನೆನಪಿನಲ್ಲಿಡಿ. 415 ವೋಲ್ಟ್ ಬರಬೇಕಾದಲ್ಲಿ 350 ಮಾತ್ರ ಬಂದರೆ, ಅದೇ ಭಾರ ಎಳೆಯಲು ಮೋಟರ್ ಹೆಚ್ಚು ಕರೆಂಟು ತೆಗೆದುಕೊಳ್ಳುತ್ತದೆ. ತಂತಿಯ ಕಾವು ಸುಮಾರು ಶೇಕಡಾ 40ರಷ್ಟು ಏರುತ್ತದೆ. ಓಡುತ್ತಿರುವಾಗ ಒಂದು ಫೇಜ್ ಹೋದರೆ ಉಳಿದೆರಡರಲ್ಲಿ ಕರೆಂಟು ಸುಮಾರು 1.73 ಪಟ್ಟು, ಕಾವು ಮೂರು ಪಟ್ಟು. ಎರಡೇ ಫೇಜಿನ ಮೇಲೆ ಕಂಡೆನ್ಸರ್ ಹಾಕಿ ಓಡಿಸುವಲ್ಲಿಯೂ ಮೂರು ಸುತ್ತುಗಳಿಗೆ ಸಮನಾಗಿ ಕರೆಂಟು ಸಿಗದೆ ಮೋಟರ್ ಕಾಯುತ್ತದೆ.

ಸಾಮಾನ್ಯ ಮೋಟರನ್ನು ಸುತ್ತಲಿನ ಹವೆ 40 ಡಿಗ್ರಿ ಇರಬಹುದೆಂದು ಲೆಕ್ಕ ಹಾಕಿ ಮಾಡಿರುತ್ತಾರೆ. ನಮ್ಮ ಸೋಲಾಪುರ, ಅಕ್ಕಲಕೋಟೆ ಕಡೆಯ ಏಪ್ರಿಲ್-ಮೇ ತಿಂಗಳಲ್ಲಿ ಹವೆಯೇ ಅದನ್ನು ಮೀರುತ್ತದೆ. ಮೇಲೆ ಗೋಣಿಚೀಲ ಹೊದಿಸಿ ಗಾಳಿ ಕಟ್ಟಿದರೆ ಹೇಳುವುದೇ ಬೇಡ. ಸಬ್‌ಮರ್ಸಿಬಲ್ ಮೋಟರನ್ನು ತಂಪಾಗಿಡುವುದು ಸುತ್ತಲೂ ಹರಿಯುವ ನೀರು. ನೀರು ಇಳಿದ ಮೇಲೂ ಓಡಿಸಿದರೆ ತಂತಿಯ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗಿ ಕೆಡುತ್ತದೆ.

ತೇವ ಮತ್ತು ಧೂಳು

ಮಳೆಗಾಲದಲ್ಲಿ ಮೋಟರ್ ತಿಂಗಳುಗಟ್ಟಲೆ ನಿಂತಿರುತ್ತದೆ. ಬಿರಿದ ವಾರ್ನಿಷ್ ಮತ್ತು ಕಾಗದ ತೇವ ಹೀರುತ್ತವೆ, ಧೂಳು ಹಸಿಯಾಗಿ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತದೆ. ಹಾಗೆಯೇ ಬಟನ್ ಒತ್ತಿದರೆ ಮೋಟರ್ ಮೊದಲ ದಿನವೇ ಹೋಗಬಹುದು, ಮೈ ಮುಟ್ಟಿದವರಿಗೆ ಶಾಕ್ ಹೊಡೆಯಬಹುದು.

ಆದ್ದರಿಂದ ಈ ಕೆಳಗಿನ ಸಂಗತಿಗಳಿಗೆ ಲಕ್ಷ್ಯ ಕೊಡಿರಿ:

1. ಓವರ್‌ಲೋಡ್ ರಿಲೇ ಪದೇ ಪದೇ ಬೀಳುತ್ತದೆಂದು ಅದನ್ನು ತಂತಿಯಿಂದ ಕಟ್ಟಿಹಾಕಬೇಡಿ. ಅದು ಮೋಟರಿನ ಕಾವಲುಗಾರ. ಬೀಳುವ ಕಾರಣ ಹುಡುಕಿರಿ.

2. ಸಿಂಗಲ್ ಫೇಜ್ ಪ್ರಿವೆಂಟರ್ ಕೂಡಿಸಿರಿ. ಅದರ ಬೆಲೆ ಒಮ್ಮೆ ಸುತ್ತಿಸುವ ಖರ್ಚಿಗಿಂತ ಕಡಿಮೆ.

3. ಲೈಟು ಬಂದ ಕೂಡಲೇ ಎಲ್ಲರ ಪಂಪುಗಳೂ ಒಮ್ಮೆಲೇ ಎದ್ದರೆ ವೋಲ್ಟೇಜ್ ಕುಸಿಯುತ್ತದೆ. ಒಂದೇ ಟ್ರಾನ್ಸ್‌ಫಾರ್ಮರಿನ ರೈತರು ಮಾತಾಡಿಕೊಂಡು ಕೆಲವು ನಿಮಿಷಗಳ ಅಂತರದಿಂದ ಚಾಲೂ ಮಾಡಿರಿ.

4. ಮಳೆಗಾಲ ಮುಗಿದ ಮೇಲೆ, ಚಾಲೂ ಮಾಡುವ ಮುಂಚೆ, ತಿಳಿದ ವಾಯರ್‌ಮನ್ ಇವರಿಂದ 500 ವೋಲ್ಟಿನ ಮೆಗ್ಗರ್ ಹಚ್ಚಿಸಿ ನೋಡಿರಿ. ಒಂದೂವರೆ ಮೆಗಾಓಮ್‌ಗಿಂತ ಕಡಿಮೆ ಬಂದರೆ ಚಾಲೂ ಮಾಡಬಾರದು. ಬಾವಿಯ ಮೇಲಿನ ಮೋಟರಾಗಿದ್ದರೆ ಬಿಚ್ಚಿಸಿ, ಬಲ್ಬಿನ ಕಾವಿನಿಂದ ಒಣಗಿಸಿ ಮತ್ತೊಮ್ಮೆ ನೋಡಬೇಕು. ಪ್ರತಿ ವರ್ಷದ ಅಂಕಿಯನ್ನು ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಬರೆದಿಡಿ. ಅಂಕಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಮೋಟರಿಗೆ ಮುಪ್ಪು ಬಂದಿದೆಯೆಂದು ತಿಳಿಯಬೇಕು.

5. ಸುತ್ತಿಸುವಾಗ ತಂತಿ, ಕಾಗದ, ವಾರ್ನಿಷ್ ಮೂರೂ ಪಟ್ಟಿಯ ಮೇಲಿನ ವರ್ಗದವೇ ಇರಲಿ. ವಾರ್ನಿಷ್ ಹಚ್ಚಿದ ಮೇಲೆ ಭಟ್ಟಿಯಲ್ಲಿ ಚೆನ್ನಾಗಿ ಒಣಗಿಸಿಯೇ ಕೊಡಲು ಹೇಳಿರಿ. ಅವಸರ ಮಾಡಿ ಹಸಿಯಾಗಿಯೇ ತಂದ ಮೋಟರ್ ಬಹುದಿನ ಬಾಳುವುದಿಲ್ಲ.

6. ಬಿಸಿಲಿಗೆ ಬಿದ್ದ ವಾಯರ್ ಪೆಡಸಾಗಿ ಬಿರಿದಿದ್ದರೆ ಬದಲಾಯಿಸಿರಿ. ಮೋಟರಿನ ಮೈಗೂ ಸ್ಟಾರ್ಟರಿಗೂ ಅರ್ಥಿಂಗ್ ತಪ್ಪದೆ ಇರಲಿ.

ಎತ್ತಿನ ಮುಪ್ಪು ನಡಿಗೆಯಲ್ಲಿ ತಿಳಿಯುತ್ತದೆ, ಮೋಟರಿನ ಮುಪ್ಪು ಹೊರಗೆ ಕಾಣಿಸದು. ಅಳೆದು ನೋಡಿದರೆ ಮಾತ್ರ ತಿಳಿಯುತ್ತದೆ. ಬೇಸಿಗೆಗೆ ಮುಂಚೆ ಒಂದು ದಿನ ಇದಕ್ಕಾಗಿ ತೆಗೆದಿಡಿರಿ.