ಹೊಗೆಯನ್ನು ಕಳೆದುಕೊಂಡ ಹೊಗೆಕೊಲ್ಲಿ

ಐಸ್‌ಲೆಂಡ್ ದ್ವೀಪದ ರಾಜಧಾನಿ ರೇಕ್ಯವಿಕ್. ಆ ಹೆಸರಿಗೆ 'ಹೊಗೆಯ ಕೊಲ್ಲಿ' ಎಂದರ್ಥ. ಮೊದಲು ಬಂದು ನೆಲಸಿದವರು ಕಂಡ ಹೊಗೆಯು ಬಿಸಿನೀರಿನ ಬುಗ್ಗೆಗಳಿಂದೇಳುತ್ತಿದ್ದ ಹಬೆಯೆಂದು ಹೇಳುತ್ತಾರೆ. ಆದರೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಊರಿನ ಮೇಲೆ ನಿಜವಾದ ಹೊಗೆಯೇ ಕವಿಯುತ್ತಿತ್ತು. ಮನೆಗಳನ್ನು ಬೆಚ್ಚಗಿಡಲು ಹಡಗುಗಳಲ್ಲಿ ತರಿಸಿದ ಕಲ್ಲಿದ್ದಲನ್ನು ಅಲ್ಲಿ ಉರಿಸುತ್ತಿದ್ದರು. ಆ ಹೊಗೆ ಹೋದುದು ಹೇಗೆ?

ಕೋಣೆಯೊಂದನ್ನು ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಡಬೇಕೆಂದು ಭಾವಿಸೋಣ. ಕಲ್ಲಿದ್ದಲಿನ ಜ್ವಾಲೆಯ ಉಷ್ಣತೆಯಾದರೋ ಸಾವಿರ ಡಿಗ್ರಿಯನ್ನು ಮೀರುತ್ತದೆ. ಹಬೆಯ ಯಂತ್ರವನ್ನೇ ತಿರುಗಿಸಬಲ್ಲ ಜ್ವಾಲೆಯಿಂದ ಕೋಣೆಯನ್ನು ಬರಿದೇ ಬೆಚ್ಚಗೆ ಮಾಡುವುದೆಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವನ್ನು ಬಿಟ್ಟಂತೆಯೇ ಸರಿ. ೮೦ ಡಿಗ್ರಿಯ ನೀರು ಕೋಣೆಯ ಕೊಳವೆಗಳಲ್ಲಿ ಹರಿದರೂ ಸಾಕು. ಅಂಥ ನೀರು ರೇಕ್ಯವಿಕ್‌ನ ನೆಲದಡಿಯಲ್ಲಿಯೇ ಇತ್ತು.

ಊರಿನ ಹೆಂಗಸರು ಬಹುಕಾಲದಿಂದ ಬಟ್ಟೆ ಒಗೆಯುತ್ತಿದ್ದ ಬುಗ್ಗೆಗಳ ಬಳಿ ಬಾವಿ ಕೊರೆದು, ೧೯೩೦ರಲ್ಲಿ ಸುಮಾರು ೩ ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಒಂದು ಶಾಲೆಗೂ ಹತ್ತಾರು ಮನೆಗಳಿಗೂ ಬಿಸಿನೀರನ್ನು ಒಯ್ದರು. ೧೯೪೩ರಲ್ಲಿ ಇನ್ನೂ ದೂರದ ಬುಗ್ಗೆಗಳಿಂದ ದೊಡ್ಡ ಕೊಳವೆ ಬಂದಿತು. ೧೯೭೩ರಲ್ಲಿ ತೈಲದ ಬೆಲೆ ಏರಿದ ಮೇಲೆ ಸುತ್ತಲಿನ ಊರುಗಳಿಗೂ ಈ ವ್ಯವಸ್ಥೆ ಬೇಗಬೇಗನೆ ಹಬ್ಬಿತು.

೧೯೯೦ರಲ್ಲಿ ಆರಂಭವಾದ ನೆಸ್ಯವೆಟ್ಲಿರ್ ಸ್ಥಾವರವು ನಗರದಿಂದ ೨೭ ಕಿಲೋಮೀಟರ್ ದೂರದಲ್ಲಿದೆ. ನೀರು ಈ ದಾರಿಯನ್ನು ಸವೆಸಲು ಕೆಲವು ಗಂಟೆಗಳೇ ಬೇಕು. ಆದರೂ ಅದರ ಉಷ್ಣತೆ ಇಳಿಯುವುದು ಸುಮಾರು ೨ ಡಿಗ್ರಿ ಮಾತ್ರ! ಲೋಟದ ಕಾಫಿ ಹತ್ತು ನಿಮಿಷದಲ್ಲಿ ಆರಿಹೋಗುವುದನ್ನು ಬಲ್ಲ ನಮಗೆ ಇದು ಸೋಜಿಗವಾಗಿ ತೋರೀತು. ಕಾರಣ ಸರಳವಾದುದು. ಶಾಖವು ಸೋರಿಹೋಗುವುದು ಕೊಳವೆಯ ಮೇಲ್ಮೈಯಿಂದ. ಅದು ಸಂಗ್ರಹವಾಗಿರುವುದು ಒಳಗಿನ ನೀರಿನಲ್ಲಿ. ವ್ಯಾಸವನ್ನು ಎರಡರಷ್ಟು ಮಾಡಿದರೆ ಮೇಲ್ಮೈ ಎರಡರಷ್ಟಾಗುತ್ತದೆ, ನೀರಾದರೋ ನಾಲ್ಕರಷ್ಟು. ಸುಮಾರು ಮುಕ್ಕಾಲು ಮೀಟರಿಗೂ ಹೆಚ್ಚು ವ್ಯಾಸವುಳ್ಳ ಈ ಕೊಳವೆಗೆ ಕಲ್ಲಿನಿಂದ ತಯಾರಿಸಿದ ಉಣ್ಣೆಯ ಹೊದಿಕೆಯೂ ಇದೆ. ನಮ್ಮ ಕಂಬಳಿಯಂತೆ ಅದು ಗಾಳಿಯನ್ನು ತನ್ನ ಎಳೆಗಳ ನಡುವೆ ಹಿಡಿದಿಟ್ಟು ಶಾಖವನ್ನು ತಡೆಯುತ್ತದೆ.

ಬಿಸಿನೆಲವಿಲ್ಲದ ನಗರಗಳ ಗತಿಯೇನೆಂದು ವಾಚಕರು ಕೇಳಬಹುದು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಬುಗ್ಗೆಗಳಿಲ್ಲ; ವಿದ್ಯುದಾಗಾರಗಳಲ್ಲಿ ವ್ಯರ್ಥವಾಗಿ ಹೋಗುವ ಶಾಖವೇ ಅಲ್ಲಿನ ಕೊಳವೆಗಳಲ್ಲಿ ಹರಿಯುತ್ತದೆ. ಒಮ್ಮೆ ಆ ಆಗಾರಗಳು ಕಲ್ಲಿದ್ದಲನ್ನು ಉರಿಸುತ್ತಿದ್ದವು, ಈಗ ಮರದ ಚೂರನ್ನೂ ಕಸವನ್ನೂ ಉರಿಸುತ್ತವೆ. ಇಂಧನ ಬದಲಾದಾಗ ಮನೆಯವರು ತಮ್ಮ ಕೊಳವೆಯ ಒಂದು ತಿರುಪನ್ನೂ ಬದಲಿಸಬೇಕಾಗಲಿಲ್ಲ. ನಮಗೆ ಈ ವ್ಯವಸ್ಥೆಯ ನಿಜವಾದ ಹೆಚ್ಚಳ ಕಾಣುವುದು ಇಲ್ಲಿಯೇ.

ಭೂಗರ್ಭದ ಹಬೆಯೂ ಪೂರ್ತಿ ನಿರ್ದೋಷಿಯಲ್ಲ. ಅದರೊಡನೆ ಇಂಗಾಲದ ಡೈಆಕ್ಸೈಡೂ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡೂ ಮೇಲೆ ಬರುತ್ತವೆ. ರೇಕ್ಯವಿಕ್‌ಗೆ ಬಿಸಿನೀರು ಕಳುಹಿಸುವ ಹೆಲ್ಲಿಶೈದಿ ಸ್ಥಾವರದಲ್ಲಿ ೨೦೧೪ರಿಂದ ಈ ಅನಿಲಗಳ ಒಂದು ಭಾಗವನ್ನು ನೀರಿನಲ್ಲಿ ಕರಗಿಸಿ, ಬಸಾಲ್ಟ್ ಶಿಲೆಯೊಳಕ್ಕೆ ಮರಳಿ ಇಳಿಸುತ್ತಿದ್ದಾರೆ. ಇದಕ್ಕೆ ಮುನ್ನ ೨೦೧೨ರಲ್ಲಿ ನಡೆಸಿದ ಪ್ರಯೋಗದಲ್ಲಿ, ಹೀಗೆ ಇಳಿಸಿದ ಇಂಗಾಲದ ಬಹುಪಾಲು ಎರಡೇ ವರ್ಷಗಳಲ್ಲಿ ಕಲ್ಲಾಗಿತ್ತು. ನಗರದ ರಸ್ತೆಗಳ ಮೇಲಿನ ಕಾರುಗಳಲ್ಲಿ ಹೆಚ್ಚಿನವು ಮಾತ್ರ ಇನ್ನೂ ಹಡಗಿನಲ್ಲಿ ಬಂದ ತೈಲವನ್ನೇ ನೆಚ್ಚಿಕೊಂಡಿವೆ.