ಎಂಜಿನು ಕುಡಿಯುವ ಎಣ್ಣೆಗೆ ಲೆಕ್ಕ ಕೇಳುವ ಬಗೆ

ಪರವೂರಿನಲ್ಲಿ ದುಡಿದು, ಹನಿಹನಿಯಾಗಿ ಕೂಡಿಟ್ಟು, ಮಿಕ್ಕುದಕ್ಕೆ ಬ್ಯಾಂಕಿನಲ್ಲಿ ಸಾಲವೆತ್ತಿ ಕಾರೊಂದನ್ನು ಕೊಂಡ ಕನ್ನಡಿಗರು ಇಂದು ಮುಂಬಯಿಯಲ್ಲಿ ವಿರಳರಲ್ಲ. ಮೇ ತಿಂಗಳಲ್ಲಿ ಮಡದಿ ಮಕ್ಕಳೊಡನೆ ಊರಿಗೆ ಹೋಗಿಬರಬೇಕು, ವಯಸ್ಸಾದ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಅನುಕೂಲವಾಗಬೇಕು ಎಂಬಷ್ಟೇ ಅವರ ಆಸೆ. ಕಂತು ಮುಗಿಯುವ ಮೊದಲೇ ಅಂಥ ಗಾಡಿಯ ಎಂಜಿನು ಕೆಟ್ಟಿತೆಂದರೆ ಆ ಸಂಸಾರದ ಪಾಡು ಹೇಳತೀರದು.

ನಮ್ಮ ಮಿತ್ರರೊಬ್ಬರು ಮಾಟುಂಗಾದ ಹೊಟೇಲೊಂದರಲ್ಲಿ ಬಹುಕಾಲದಿಂದ ಉಗ್ರಾಣ ನೋಡಿಕೊಳ್ಳುತ್ತಿರುವವರು; ಕುಂದಾಪುರದ ಕಡೆಯವರು. ಊರಿಗೆ ಹೋಗಿಬಂದ ಮೇಲೆ ಅವರ ಹೊಸ ಗಾಡಿಯಲ್ಲಿ ಎಂಜಿನಿನ ಎಣ್ಣೆ ಕೆಳಗಿನ ಗುರುತಿಗೆ ಇಳಿದಿತ್ತು. ನಿಲ್ಲಿಸಿದ ನೆಲದಲ್ಲಿ ಒಂದು ತೊಟ್ಟು ಸೋರಿದ ಕಲೆಯಿಲ್ಲ. ಡೀಲರರ ಸರ್ವಿಸ್ ಸ್ಟೇಷನ್ನಿಗೆ ಎರಡು ಸಲ ಹೋದರು. ಎರಡು ಸಲವೂ ಎಣ್ಣೆ ತುಂಬಿ, “ಎಲ್ಲ ಗಾಡಿಗಳೂ ಸ್ವಲ್ಪ ಕುಡಿಯುತ್ತವೆ” ಎಂದು ಕಳುಹಿಸಿದರು. ವಾರಂಟಿ ಮುಗಿಯಲು ನಾಲ್ಕು ತಿಂಗಳು ಉಳಿದಿತ್ತು. ಅವರು ನಮ್ಮಲ್ಲಿಗೆ ಬಂದು, “ರಾಯ್ರೆ, ನಮ್ಮ ಬಾಣಲೆ ದಿನಕ್ಕೆ ಎಷ್ಟು ಎಣ್ಣೆ ಕುಡೀತದೆ ಅಂತ ನಾನು ಹೇಳಬಲ್ಲೆ. ಈ ಎಂಜಿನ್ ಎಷ್ಟು ಕುಡೀತದೆ ಅಂತ ಅವರಿಗೆ ಯಾಕೆ ಹೇಳ್ಲಿಕ್ಕೆ ಆಗೂದಿಲ್ಲ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೆಂದು ನಮಗೆ ತೋರಿತು.

ಎಣ್ಣೆ ಸೋರದೆ ಕಡಿಮೆಯಾಗುವುದು ಹೇಗೆ? ಸಿಲಿಂಡರಿನೊಳಗೆ ಪಿಸ್ಟನ್ನಿನ ಸುತ್ತ ಉಕ್ಕಿನ ಬಳೆಗಳಿರುತ್ತವೆ. ಗೋಡೆಗೆ ಹತ್ತಿದ ಎಣ್ಣೆಯನ್ನು ಕೆಳಕ್ಕೆ ಒರೆಸುವುದು ಇವುಗಳಲ್ಲೊಂದರ ಕೆಲಸ. ಅದು ಸವೆದರೆ, ಇಲ್ಲವೆ ಮಸಿ ಕಟ್ಟಿ ಅಂಟಿಕೊಂಡರೆ, ಎಣ್ಣೆ ಮೇಲೇರಿ ಪೆಟ್ರೋಲಿನೊಡನೆ ಉರಿದುಹೋಗುತ್ತದೆ. ವಾಲ್ವುಗಳ ಬುಡದ ರಬ್ಬರಿನ ಸೀಲು ಗಟ್ಟಿಯಾದರೂ, ಟರ್ಬೋ ಇರುವ ಗಾಡಿಯಲ್ಲಿ ಅದರ ಸೀಲು ಕೆಟ್ಟರೂ ಹೀಗೆಯೇ ಆಗುವುದು. ಹೆಚ್ಚು ಉರಿದರೆ ಹಿಂದಿನ ಕೊಳವೆಯಲ್ಲಿ ನೀಲಿ ಹೊಗೆ ಕಾಣುವುದು. ಅಲ್ಪಸ್ವಲ್ಪವಾದರೆ ಕಣ್ಣಿಗೆ ಬೀಳದು. ಮುಂದಿನ ಫಲಕದ ಕೆಂಪು ಎಣ್ಣೆದೀಪವನ್ನು ನಂಬಿ ಕೂರುವುದೂ ಸಲ್ಲದು. ಅದು ಸಾಮಾನ್ಯವಾಗಿ ಎಣ್ಣೆಯ ಒತ್ತಡ ಕುಸಿದುದನ್ನು ತಿಳಿಸುವ ದೀಪ. ಅದು ಹತ್ತುವ ಹೊತ್ತಿಗೆ ಎಂಜಿನಿಗೆ ಪೆಟ್ಟು ಬಿದ್ದಿರಬಹುದು.

ಸ್ವಲ್ಪ ಎಣ್ಣೆ ಖರ್ಚಾಗುವುದು ಸಹಜವೆಂಬ ಡೀಲರರ ಮಾತು ಸುಳ್ಳಲ್ಲ. ಆದರೆ ಆ “ಸ್ವಲ್ಪ”ಕ್ಕೆ ಒಂದು ಮಿತಿಯಿದೆ. ಕೆಲವು ಕಂಪನಿಗಳು 1000 ಕಿಲೋಮೀಟರಿಗೆ ಅರ್ಧ ಲೀಟರಿನವರೆಗೆ ಎಂದು ಗಾಡಿಯ ಕೈಪಿಡಿಯಲ್ಲಿಯೇ ಅಚ್ಚುಮಾಡಿವೆ. ಟೊಯೋಟಾ ಕಂಪನಿಯವರು 2007ರಿಂದ 2009ರವರೆಗಿನ ಕೆಲವು ಕ್ಯಾಮ್ರಿ ಮೊದಲಾದ ಗಾಡಿಗಳ ಬಗ್ಗೆ ದೂರು ಹೆಚ್ಚಿದಾಗ, 2015ರಲ್ಲಿ ಅಮೆರಿಕೆಯಲ್ಲಿ ಪರೀಕ್ಷೆಯ ಏರ್ಪಾಡು ಮಾಡಿದರು. 1200 ಮೈಲಿಗೆ ಒಂದು ಕ್ವಾರ್ಟ್, ಅಂದರೆ ಸುಮಾರು 1930 ಕಿಲೋಮೀಟರಿಗೆ 0.95 ಲೀಟರಿಗಿಂತ ಹೆಚ್ಚು ಕುಡಿದ ಗಾಡಿಗಳಿಗೆ ಪಿಸ್ಟನ್ನು, ಬಳೆಗಳನ್ನು ಬದಲಿಸಿಕೊಡುವ ಹೊಣೆ ಹೊತ್ತರು. ಅಲ್ಲಿ ತೀರ್ಪು ಕೊಟ್ಟುದು ಅಳತೆ, ಬಾಯಿಮಾತಲ್ಲ.

ಗುಮಾಸ್ತರಿಗೆ ಈ ಅಳತೆಯ ಮರ್ಮವನ್ನು ವಿವರಿಸಬೇಕಾಗಿಲ್ಲ. ಆರಂಭದ ಶಿಲ್ಕು, ಅಖೈರು ಶಿಲ್ಕು. ನಡುವಿನ ವ್ಯತ್ಯಾಸವೇ ಖರ್ಚು. ಸರಿಯಾದ ಪರೀಕ್ಷೆ ನಡೆಯಬೇಕಾದುದು ಹೀಗೆ: ಮೊದಲು ಸೋರಿಕೆಯಿಲ್ಲವೆಂದು ಖಚಿತಪಡಿಸಿಕೊಂಡು, ಹಳೆಯ ಎಣ್ಣೆ ಮತ್ತು ಫಿಲ್ಟರನ್ನು ತೆಗೆದು, ಕೈಪಿಡಿ ಹೇಳುವ ದರ್ಜೆಯ ಹೊಸ ಎಣ್ಣೆಯನ್ನು ತುಂಬಬೇಕು. ಎಂಜಿನು ಬಿಸಿಯಾದ ಮೇಲೆ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಕೈಪಿಡಿ ಹೇಳಿದಷ್ಟು ಹೊತ್ತು ಕಾದು, ಅಳತೆಕಡ್ಡಿಯ ಮೇಲಿನ ಗುರುತಿಗೆ ಸರಿಯಾಗಿ ಮಟ್ಟ ಕೂಡಿಸಬೇಕು. ಎಣ್ಣೆ ಹೊಯ್ಯುವ ಮುಚ್ಚಳಕ್ಕೂ ಕೆಳಗಿನ ಬಿರಡೆಗೂ ಬಣ್ಣದ ಗುರುತನ್ನೋ ಸೀಲನ್ನೋ ಹಾಕಬೇಕು. ಮೀಟರಿನ ಅಂಕಿ, ದಿನಾಂಕ, ಎಣ್ಣೆಯ ದರ್ಜೆ ಎಲ್ಲವೂ ಜಾಬ್ ಕಾರ್ಡಿನಲ್ಲಿ ಬರಬೇಕು. 1000 ಕಿಲೋಮೀಟರು ಓಡಿಸಿ, ಅದೇ ರೀತಿ ನಿಲ್ಲಿಸಿ, ಅದೇ ಗುರುತಿಗೆ ಏರಲು ಎಷ್ಟು ಮಿಲಿಲೀಟರು ಬೇಕಾಯಿತೆಂದು ಅಳತೆಪಾತ್ರೆಯಿಂದ ಅಳೆಯಬೇಕು. ನಡುವೆ ಮಟ್ಟವನ್ನು ನಾವೂ ನೋಡುತ್ತಿರಬೇಕು. ಕೆಳಗಿನ ಗುರುತಿಗೆ ಬಂದರೆ ಓಡಿಸದೆ ಅವರನ್ನು ಕರೆಯಬೇಕು. ಬರಿಯ ಗಲ್ಲಿ ಸುತ್ತುವ ಗಾಡಿಯಲ್ಲಿ ಎಂಜಿನು ಚೆನ್ನಾಗಿ ಕಾಯದೆ ಪೆಟ್ರೋಲು ಎಣ್ಣೆಗೆ ಬೆರೆತು, ಇಳಿದ ಮಟ್ಟ ಇಳಿಯದಂತೆ ತೋರುವುದುಂಟು. ಆದುದರಿಂದ ದೂರದ ಓಟವೂ ಸೇರಿರಲಿ.

ನಮ್ಮ ಮಿತ್ರರು ಮೂರನೆಯ ಸಲ ಹೋದಾಗ ಬಾಯಿಮಾತಿನಲ್ಲಿ ಹೇಳಲಿಲ್ಲ. ಕಾಗದ ಬರೆದುಕೊಟ್ಟು, ಪ್ರತಿಯ ಮೇಲೆ ಮೊಹರು ಪಡೆದರು. ಪರೀಕ್ಷೆ ಆರಂಭವಾಯಿತು. ಆದರೆ 600 ಕಿಲೋಮೀಟರಾದಾಗ ಬ್ರೇಕಿನ ಕೆಲಸಕ್ಕೆಂದು ಅಲ್ಲಿಗೇ ಬಿಟ್ಟ ಗಾಡಿಗೆ ಹುಡುಗನೊಬ್ಬ ಉಪಕಾರವೆಂದೇ ಎಣಿಸಿ ಅಳತೆಯಿಲ್ಲದೆ ಎಣ್ಣೆ ಹೊಯ್ದ. ಸೀಲೂ ಇರಲಿಲ್ಲ; ಲೆಕ್ಕವೆಲ್ಲ ನೀರುಪಾಲು. ಮಿತ್ರರು ಸಿಟ್ಟಾಗದೆ, ನಡೆದುದನ್ನು ಜಾಬ್ ಕಾರ್ಡಿನಲ್ಲಿ ಬರೆಯಿಸಿ, ಮೊದಲಿನಿಂದ ಮಾಡಿರೆಂದರು. ಎರಡನೆಯ ಸಲ ಸೀಲು ಬಿತ್ತು. 1005 ಕಿಲೋಮೀಟರಿನ ಕೊನೆಗೆ ಹಿಡಿಸಿದ ಎಣ್ಣೆ 780 ಮಿಲಿಲೀಟರು. ಅವರ ಕೈಪಿಡಿಯ ಮಿತಿ ಅರ್ಧ ಲೀಟರು. ಮ್ಯಾನೇಜರು ಅಂಕಿಯನ್ನು ಎರಡು ಸಲ ಓದಿದರು, ಮೂರನೆಯ ಮಾತಾಡಲಿಲ್ಲ. ಎಂಜಿನು ಬಿಚ್ಚಿದಾಗ ಎಣ್ಣೆ ಒರೆಸುವ ಬಳೆಗಳು ಅಂಟಿಕೊಂಡಿದ್ದುವು. ವಾರಂಟಿಯಲ್ಲಿಯೇ ಎಲ್ಲ ಬದಲಾಯಿತು.

ಹೀಗೆ ಬಗೆಹರಿಯದಿದ್ದರೆ ಕಾನೂನಿನ ಬಾಗಿಲು ತೆರೆದಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಕನ್ನಡದಲ್ಲಿಯೂ ದೂರು ಹೇಳಿಕೊಳ್ಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಊರಿನಲ್ಲಿ ಗಾಡಿ ಕೊಂಡು ಪರವೂರಿನಲ್ಲಿ ಓಡಿಸುವ ನಮ್ಮವರಿಗೆ ಇದು ದೊಡ್ಡ ಅನುಕೂಲ. ದೋಷ ಕಂಡ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಟ್ಯಾಕ್ಸಿ ಓಡಿಸುವವನಿಗೂ ಈ ಹಕ್ಕುಂಟು. ಆದರೆ ಆಯೋಗದ ಮುಂದೆಯೂ ಮಾತಾಡುವುದು ಕಾಗದವೇ. ಬಿಲ್ಲು, ಜಾಬ್ ಕಾರ್ಡು, ಕಾಲಕಾಲದ ಸರ್ವಿಸಿನ ರಸೀದಿಗಳನ್ನು ಒಂದು ಕಡತದಲ್ಲಿ ಜೋಪಾನವಾಗಿಡಬೇಕು. ಸರ್ವಿಸು ತಪ್ಪಿಸಿದ ಗಾಡಿಗೆ ವಾರಂಟಿ ಕೇಳುವುದು ಕಷ್ಟ.

ದೊಡ್ಡ ಗಾಜಿನ ಶೋರೂಮಿನೊಳಗೆ ಇಂಗ್ಲಿಷು ಹಿಂದಿಗಳಲ್ಲಿ ಮಾತಾಡುವವರೆದುರು ನಮ್ಮವರು ಸಂಕೋಚಪಡುವುದನ್ನು ನಾವು ಕಂಡಿದ್ದೇವೆ. ಸಂಕೋಚಕ್ಕೆ ಕಾರಣವಿಲ್ಲ. ದಿನವೂ ಉಗ್ರಾಣದಲ್ಲಿ, ಕಚೇರಿಯಲ್ಲಿ ಮಾಡುವ ಲೆಕ್ಕವನ್ನೇ ಅಲ್ಲಿಯೂ ಕೇಳುವುದಷ್ಟೆ. ಕಳೆದ ಸಲ ಊರಿಗೆ ಹೋದ ಮಿತ್ರರು ಕುಂದಾಪುರ ಮುಟ್ಟಿದ ಮರುಬೆಳಿಗ್ಗೆ ನಮಗೆ ಫೋನು ಮಾಡಿದರು: “ಕಡ್ಡಿ ತೆಗೆದು ನೋಡಿದೆ ರಾಯ್ರೆ. ಮಟ್ಟ ಹಾಗೇ ಉಂಟು.”