ಮೋರಿಯಿಂದ ಎದ್ದ ಕಿತ್ತಯ್ಯ

ಪೀಣ್ಯದ ಶೆಡ್ಡುಗಳಲ್ಲಿ ದುಡಿಯುವವರಿಗೆ ಅಳತೆಯ ಪಾಠ ಹೇಳಿಕೊಡಬೇಕಿಲ್ಲ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಜಾಬ್ ರಿಜೆಕ್ಟ್. ಹಳೆಯ ಮೆಷಿನ್ನಿನ ಬಿಡಿಭಾಗ ಮುರಿದು, ಅದರ ಡ್ರಾಯಿಂಗ್ ಎಲ್ಲೂ ಸಿಗದಿದ್ದರೆ ತ್ರೀಡಿ ಸ್ಕ್ಯಾನರ್ ತಂದು ಅದರ ಉಬ್ಬುತಗ್ಗನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಳ್ಳುವುದೂ ಇಂಥ ಕಡೆ ಹೊಸದೇನಲ್ಲ. ಅದೇ ಜಾತಿಯ ಸ್ಕ್ಯಾನರ್ ಹೊತ್ತ ತಂಡವೊಂದು 2021ರಿಂದ ಬೆಂಗಳೂರಿನ ಗುಡಿಯ ಹಿತ್ತಲು, ಕೆರೆ ಏರಿ, ಹೊಲದ ಬದುಗಳನ್ನು ಸುತ್ತುತ್ತಿದೆ. ಅವರು ಹುಡುಕುತ್ತಿರುವುದು ಶಾಸನಗಳನ್ನು, ವೀರಗಲ್ಲುಗಳನ್ನು.

ತಂಡ ಮಿಥಿಕ್ ಸೊಸೈಟಿಯದು. 1909ರಲ್ಲಿ ಹುಟ್ಟಿದ ಸಂಸ್ಥೆ. ಫಾದರ್ ಟಬಾರ್ಡ್ ಅದರ ಆರಂಭದ ವರ್ಷಗಳ ಅಧ್ಯಕ್ಷರು. ಹೆಸರಿನಲ್ಲಿ ಪುರಾಣವಿದ್ದರೂ ಮಾಡುತ್ತ ಬಂದದ್ದು ಇತಿಹಾಸದ ಕೆಲಸ. ನೃಪತುಂಗ ರಸ್ತೆಯ ಡೇಲಿ ಸ್ಮಾರಕ ಭವನ ಅದರ ಮನೆ. ಶಾಸನಗಳ ಯೋಜನೆಯನ್ನು ನಡೆಸುತ್ತಿರುವ ಪಿ. ಎಲ್. ಉದಯಕುಮಾರ್ ಓದಿದ್ದು ಇತಿಹಾಸವಲ್ಲ, ಎಂಜಿನಿಯರಿಂಗ್. ಕಲ್ಲಿನ ಮುಂದೆ ಸ್ಕ್ಯಾನರ್ ಇಡುವ ಯೋಚನೆ ಎಂಜಿನಿಯರ್ ಒಬ್ಬರಿಗೆ ಹೊಳೆದದ್ದರಲ್ಲಿ ಆಶ್ಚರ್ಯವೇನಿಲ್ಲ.

ಈ ಹುಡುಕಾಟಕ್ಕೆ ದಾರಿ ತೋರಿಸುವ ಪುಸ್ತಕ ನೂರಿಪ್ಪತ್ತು ವರ್ಷ ಹಳೆಯದು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಬಿ. ಎಲ್. ರೈಸ್ ಮತ್ತು ಅವರ ಪಂಡಿತರು ಊರೂರು ಅಲೆದು, ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಮಸಿ ತಟ್ಟಿ ಅಚ್ಚು ತೆಗೆದಿದ್ದರು. 1905ರಲ್ಲಿ ಬಂದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳಿವೆ. ಅದನ್ನು ಹಿಡಿದು ಹೋದರೆ ಎಷ್ಟೋ ಕಡೆ ಪಾಠ ಪುಸ್ತಕದಲ್ಲಿದೆ, ಕಲ್ಲು ಜಾಗದಲ್ಲಿಲ್ಲ. ಕೆಲವು ಚರಂಡಿಯ ಚಪ್ಪಡಿಯಾದವು, ಕೆಲವು ಬಟ್ಟೆ ಒಗೆಯುವ ಕಲ್ಲಾದವು. ಅಡಿಯಲ್ಲಿ ನಿಧಿಯಿದೆ ಎಂಬ ಆಸೆಗೆ ಕೆಲವನ್ನು ರಾತ್ರೋರಾತ್ರಿ ಕಿತ್ತದ್ದೂ ಉಂಟು. ದೇವರೆಂದು ಪೂಜಿಸಿಕೊಂಡ ಕಲ್ಲುಗಳೇ ಎಷ್ಟೋ ವಾಸಿ: ಎಣ್ಣೆ, ಅರಿಸಿನ ಮೆತ್ತಿ ಅಕ್ಷರ ಮುಚ್ಚಿದ್ದರೂ ಕಲ್ಲಂತೂ ಉಳಿದಿದೆ.

ರೈಸ್ ಅವರ ಕಣ್ಣಿಗೆ ಬೀಳದೆ ಉಳಿದವೂ ಇವೆ. ಪೀಣ್ಯದಿಂದ ಹೊರವರ್ತುಲ ರಸ್ತೆ ಹಿಡಿದರೆ ಸಿಗುವ ಹೆಬ್ಬಾಳದಲ್ಲಿ 2018ರಲ್ಲಿ ಮೋರಿಗೆಂದು ಅಗೆಯುವಾಗ ಒಂದು ವೀರಗಲ್ಲು ಮೇಲೆ ಬಂತು. ಗಂಗರ ದೊರೆ ಶ್ರೀಪುರುಷನ ಕಾಲದ್ದು. ಲಿಪಿಯ ಲೆಕ್ಕದಲ್ಲಿ ಸುಮಾರು ಕ್ರಿ.ಶ. 750. ಊರಿನ ಮೇಲೆ ದಾಳಿ ಬಂದಾಗ ಹೋರಾಡಿ ಮಡಿದ ಕಿತ್ತಯ್ಯನಿಗಾಗಿ ನಿಲ್ಲಿಸಿದ ಕಲ್ಲು. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕ ಅತಿ ಹಳೆಯ ಕನ್ನಡ ಶಾಸನ ಇದೇ. ‘ಪೆರ್ಬೊಳಲ್ನಾಡು ಮೂವತ್ತು’ ಎಂಬ ಹೆಸರು ಅದರಲ್ಲಿದೆ. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಪೆರ್ಬೊಳಲು ಸವೆದು ಹೆಬ್ಬಾಳವಾಯಿತು. ಮೇಲ್ಸೇತುವೆಯ ಟ್ರಾಫಿಕ್ಕಿಗೆ ಹೆಸರಾದ ಊರು ಹನ್ನೆರಡೂವರೆ ಶತಮಾನಗಳ ಹಿಂದೆಯೇ ಮೂವತ್ತು ಹಳ್ಳಿಗಳ ನಾಡಿನ ಮುಖ್ಯ ಪಟ್ಟಣ! ಮುಂದಿನ ಕೆಲಸ ಊರಿನವರದು. ಅವರು ಚಂದಾ ಕೂಡಿಸಿ ಆ ಕಲ್ಲಿಗೊಂದು ಮಂಟಪ ಕಟ್ಟಿಸಿದರು.

ಸ್ಕ್ಯಾನರಿನ ಕೆಲಸ ಹೀಗೆ. ಅದು ಕಲ್ಲಿನ ಮೇಲೆ ಬೆಳಕಿನ ಗೆರೆಗಳನ್ನು ಬೀರುತ್ತದೆ. ಮೇಲ್ಮೈ ಏರಿಳಿದಂತೆ ಗೆರೆ ಬಾಗುತ್ತದೆ. ಆ ಬಾಗನ್ನು ಕ್ಯಾಮೆರಾ ಹಿಡಿಯುತ್ತದೆ, ಕಂಪ್ಯೂಟರು ಆಳ ಲೆಕ್ಕ ಹಾಕುತ್ತದೆ. ಮಿಲಿಮೀಟರಿಗಿಂತ ಕಡಿಮೆ ಆಳದ ಗೀರೂ ತಪ್ಪಿಸಿಕೊಳ್ಳುವುದಿಲ್ಲ. ಆಮೇಲೆ ಪರದೆಯ ಮೇಲೆ ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿ ನೋಡಿದರೆ, ಬಿಸಿಲಿನಲ್ಲಿ ಬರಿಗಣ್ಣಿಗೆ ಕಾಣದ ಅಕ್ಷರ ಎದ್ದು ನಿಲ್ಲುತ್ತದೆ. ರೈಸ್ ಕಾಲದ ಪಾಠಗಳಲ್ಲಿ ಖಾಲಿ ಬಿಟ್ಟ ಜಾಗಗಳನ್ನು ತುಂಬುವುದಕ್ಕೆ, ತಪ್ಪು ಓದನ್ನು ತಿದ್ದುವುದಕ್ಕೆ ಇದರಿಂದ ದಾರಿಯಾಗಿದೆ. ತಯಾರಾದ ಮಾದರಿಗಳನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ತಿರುಗಿಸಿ ನೋಡಬಹುದು.

ಆದರೂ ಮಾದರಿ ಬೇರೆ, ಕಲ್ಲು ಬೇರೆ. ಕಲ್ಲು ಇದ್ದ ಜಾಗವೂ ಒಂದು ಸಾಕ್ಷಿ. ಎಲೆಕ್ಟ್ರಾನಿಕ್ ಸಿಟಿಯ ಕಡೆಗಿರುವ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಒಂಬತ್ತನೆಯ ಶತಮಾನದ ಕೊನೆಯ ವೀರಗಲ್ಲೊಂದಿದೆ. ‘ಬೆಂಗಳೂರ ಕಾಳಗ’ದ ಮಾತು ಬರುವುದು ಅದರಲ್ಲಿ. ಬೆಂಗಳೂರಿಗೆ ಹೆಸರು ಬಂದದ್ದು ಬೆಂದ ಕಾಳಿನಿಂದ ಎಂಬ ಕಥೆ ಹೇಳುವವರನ್ನು ಅದರ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದರೆ ಸಾಕು. ಆ ಕಥೆಯಲ್ಲಿ ಬರುವ ದೊರೆ ವೀರಬಲ್ಲಾಳ ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಮೊದಲೇ ಹೆಸರು ಕಲ್ಲಿಗಿಳಿದಿತ್ತು. ಅಗರದಲ್ಲಿರುವ ಗಂಗರ ಕಾಲದ ಶಾಸನ ಯುದ್ಧದ್ದಲ್ಲ, ಕೆರೆಗಳಿಗೆ ತೂಬು ಇಡಿಸಿದವನದು.

ಕೆರೆಯ ಮಾತು ಬಂದಾಗ ಪೀಣ್ಯಕ್ಕೆ ಮರಳಲೇಬೇಕು. 1970ರ ದಶಕದಲ್ಲಿ ಕೈಗಾರಿಕಾ ವಸಾಹತು ಬಂದು ಹೊಲಗದ್ದೆಗಳು ಪ್ಲಾಟುಗಳಾದವು. ಇವತ್ತು ಇಲ್ಲಿನ ವಿಳಾಸ ಹೇಳುವುದು ಫೇಸು, ಕ್ರಾಸುಗಳ ಲೆಕ್ಕದಲ್ಲಿ. ಹಳೆಯ ಊರುಗಳು ಮಾತ್ರ ಹೆಸರಿನಲ್ಲಿ ಪಟ್ಟಾಗಿ ಕೂತಿವೆ: ದಾಸರಹಳ್ಳಿ, ಲಗ್ಗೆರೆ, ಚೊಕ್ಕಸಂದ್ರ, ನಾಗಸಂದ್ರ. ‘ಸಂದ್ರ’ ಎಂದರೆ ಸಮುದ್ರ. ಹಿಂದಿನವರು ದೊಡ್ಡ ಕೆರೆಗೆ ಇಟ್ಟ ಹೆಸರು. ಮೆಟ್ರೋದಲ್ಲಿ ನಾಗಸಂದ್ರ ಎಂದು ಕೂಗಿದಾಗ ಇಳಿಯುವವರು ಒಂದು ಕೆರೆಯ ಹೆಸರನ್ನು ಕೇಳಿಯೇ ಇಳಿಯುತ್ತಿರುತ್ತಾರೆ.

ಇಂಥ ಊರುಗಳ ಹಳೇ ಗುಡಿಯ ಪಕ್ಕ, ಅರಳಿಕಟ್ಟೆಯ ಬುಡದಲ್ಲಿ, ಕಾರ್ಖಾನೆಯ ಕಾಂಪೌಂಡಿನ ಮೂಲೆಯಲ್ಲಿ ಅಕ್ಷರವೋ, ಕತ್ತಿ ಹಿಡಿದ ಆಕೃತಿಯೋ, ಸೂರ್ಯಚಂದ್ರರೋ ಇರುವ ಕಲ್ಲು ಕಂಡರೆ ಆಸಿಡ್ ಹಾಕಿ ತೊಳೆಯಬೇಡಿ, ಬಣ್ಣ ಬಳಿಯಬೇಡಿ, ಜಾಗ ಬದಲಿಸಬೇಡಿ. ಒಂದು ಫೋಟೋ ತೆಗೆದು, ಜಾಗದ ಗುರುತಿನೊಂದಿಗೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೆ ತಿಳಿಸಿ.